ಒಬ್ಬನೇ ರೋಗಿ, ನಾಲ್ಕು ತರಗತಿ: ವರ್ಚುವಲ್ ಕೇಸನ್ನು ಮಟ್ಟಕ್ಕೆ ತಕ್ಕಂತೆ ಹೊಂದಿಸುವ ಬಗೆ

ಎಂಬಿಬಿಎಸ್ ಫೈನಲ್ ಇಯರ್‌ಗೆಂದು ಬರೆದ ವರ್ಚುವಲ್ ಪೇಷಂಟ್ ಕೇಸನ್ನು (ಪರದೆಯ ಮೇಲೆ ವಿದ್ಯಾರ್ಥಿ ಒಂದೊಂದೇ ತೀರ್ಮಾನ ಮಾಡುತ್ತ ಸಾಗುವ ಕಲ್ಪಿತ ರೋಗಿಯ ಕಥೆಯನ್ನು) ಫಸ್ಟ್ ಇಯರ್‌ಗೂ ಬಳಸಬೇಕೆಂದಾಗ ಸಾಮಾನ್ಯವಾಗಿ ಆಗುವುದು ಇಷ್ಟೇ: ಕಷ್ಟದ ಪದಗಳನ್ನು ತೆಗೆಯುತ್ತಾರೆ, ಎರಡು ಪುಟ ಕತ್ತರಿಸುತ್ತಾರೆ. ಹೌಸ್ ಸರ್ಜನ್‌ಗಳಿಗೆ (ಇಂಟರ್ನ್‌ಗಳಿಗೆ) ಬೇಕೆಂದಾಗ ಅದೇ ಕೇಸಿಗೆ ಅಪರೂಪದ ಕಾಯಿಲೆಯೊಂದನ್ನು ತುರುಕುತ್ತಾರೆ. ಎರಡರಿಂದಲೂ ಉಪಯೋಗವಿಲ್ಲ. ಮೊದಲನೆಯದರಲ್ಲಿ ವಿದ್ಯಾರ್ಥಿ ಕಥೆ ಓದಿ ಮುಗಿಸುತ್ತಾನೆ, ಎರಡನೆಯದರಲ್ಲಿ ಊಹೆ ಮಾಡುತ್ತಾನೆ.

ಕಾಯಿಲೆಯನ್ನು ಹಾಗೇ ಬಿಡಿ, ರೋಗಿಯನ್ನೂ ಬದಲಿಸಬೇಡಿ. ಬದಲಾಗಬೇಕಾದದ್ದು ಎರಡು: ಯಾವ ತೀರ್ಮಾನವನ್ನು ವಿದ್ಯಾರ್ಥಿಯ ತಲೆಗೆ ಕಟ್ಟುತ್ತೀರಿ, ಯಾವ ಮಾಹಿತಿಯನ್ನು ಕೇಳಿದರೆ ಮಾತ್ರ ಕೊಡುತ್ತೀರಿ. ಇದನ್ನು ಒಂದೇ ಕೇಸು ಹಿಡಿದು ನೋಡೋಣ. ನಮ್ಮ ಕಡೆ ಅದಕ್ಕೆ ಹಾವು ಕಡಿತಕ್ಕಿಂತ ಒಳ್ಳೆಯ ಕೇಸಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಅಂಗರಚನೆಯಿಂದ ಕಮ್ಯುನಿಟಿ ಮೆಡಿಸಿನ್‌ವರೆಗೆ ಯಾವ ವಿಭಾಗವೂ ಈ ಕೇಸಿನಿಂದ ಹೊರಗೆ ಉಳಿಯುವುದಿಲ್ಲ.

ಕೇಸಿನ ಬೀಜ

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. 48 ವರ್ಷದ ಟೊಮೆಟೊ ಬೆಳೆಗಾರ, ತೂಕ 60 ಕೆ.ಜಿ. ತ್ರೀ ಫೇಸ್ ಕರೆಂಟು ಬಂತೆಂದು ರಾತ್ರಿ 8:10ಕ್ಕೆ ಬೋರ್‌ವೆಲ್ ಮೋಟರು ಹಾಕಲು ಬರಿಗಾಲಲ್ಲಿ ಹೋದಾಗ ಬಲಗಾಲಿನ ಹಿಮ್ಮಡಿಯ ಮೇಲೆ ಕೊಳಕುಮಂಡಲ ಕಚ್ಚಿದೆ. ಮನೆಯವರು ಮೊಣಕಾಲ ಕೆಳಗೆ ಟವೆಲ್ ಬಿಗಿದಿದ್ದಾರೆ. 9:20ಕ್ಕೆ ತಾಲ್ಲೂಕು ಆಸ್ಪತ್ರೆ. ಪಲ್ಸ್ 112, ಬಿಪಿ 100/70, ಕಾಲು ಊದಿದೆ, ವಸಡಿನಲ್ಲಿ ರಕ್ತ ಜಿನುಗುತ್ತಿದೆ. ಕೋಲಾರದ ಜಿಲ್ಲಾ ಆಸ್ಪತ್ರೆ ಅಲ್ಲಿಂದ ಸುಮಾರು 30 ಕಿ.ಮೀ.

ಇದು ಬೀಜ. ಇದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ನಾಲ್ಕೂ ಆವೃತ್ತಿಗಳಲ್ಲಿ ಈ ಅಂಕಿಗಳು ಒಂದೇ ಇರಬೇಕು. ಬರೆಯುವವರು ಇಬ್ಬರಾದರೆ ಒಂದು ಆವೃತ್ತಿಯಲ್ಲಿ ಬಲಗಾಲು, ಇನ್ನೊಂದರಲ್ಲಿ ಎಡಗಾಲು ಆಗುವುದು ಮಾಮೂಲಿ.

ಈ ಕೇಸಿನಲ್ಲಿ ಎಲ್ಲ ಮಟ್ಟಕ್ಕೂ ಸಲ್ಲುವ ಒಂದು ಗೂಟ ಬೇಕು, ಎಲ್ಲರೂ ಸುತ್ತುವುದು ಅದರ ಸುತ್ತಲೇ. ಇಲ್ಲಿ ಆ ಗೂಟ 20 ನಿಮಿಷದ ಹೆಪ್ಪುಗಟ್ಟುವ ಪರೀಕ್ಷೆ. ಹೊಸದಾದ, ಶುಭ್ರವಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಬಾಗಿಸಿ ನೋಡುವುದು. ರಕ್ತ ಹರಿದರೆ ಹೆಪ್ಪುಗಟ್ಟುವ ವ್ಯವಸ್ಥೆ ಕೆಟ್ಟಿದೆ ಎಂದರ್ಥ.

ಫಸ್ಟ್ ಇಯರ್

ಸಿಬಿಎಂಇ (ಸಾಮರ್ಥ್ಯ ಆಧಾರಿತ ವೈದ್ಯಕೀಯ ಶಿಕ್ಷಣ) ಪಠ್ಯಕ್ರಮ 2019ರಲ್ಲಿ ಬಂದಾಗಿನಿಂದ ಮೊದಲ ಹಂತದಲ್ಲೇ ಅರ್ಲಿ ಕ್ಲಿನಿಕಲ್ ಎಕ್ಸ್‌ಪೋಶರ್, ಅಂದರೆ ಶುರುವಿನಲ್ಲೇ ರೋಗಿಗಳ ಪರಿಚಯ, ಇದೆ. ಹಾಗೆಂದು ಫಸ್ಟ್ ಇಯರ್‌ನವರ ಕೈಯಲ್ಲಿ ಚಿಕಿತ್ಸೆಯ ತೀರ್ಮಾನ ಕೊಡಬೇಕಿಲ್ಲ. ಚಿಕಿತ್ಸೆಯನ್ನು ಕೇಸಿನೊಳಗಿನ ಡ್ಯೂಟಿ ಡಾಕ್ಟರು ಮಾಡಲಿ. ವಿದ್ಯಾರ್ಥಿ ಪಕ್ಕದಲ್ಲಿ ನಿಂತು ‘ಯಾಕೆ’ ಎಂದು ಉತ್ತರಿಸಲಿ.

ಟ್ಯೂಬು ಗಾಜಿನದೇ ಯಾಕೆ, ಪ್ಲಾಸ್ಟಿಕ್ ಆದರೆ ಏನು? ಗಾಜಿನ ಮೇಲ್ಮೈ ತಾಗಿದಾಗ ಫ್ಯಾಕ್ಟರ್ 12 (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲೊಂದು) ಚುರುಕಾಗುತ್ತದೆ, ಪ್ಲಾಸ್ಟಿಕ್ ಆ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ. ಪುಸ್ತಕದಲ್ಲಿ ಒಣಗಿ ಕೂತಿರುವ ಇಂಟ್ರಿನ್ಸಿಕ್ ದಾರಿ (ಫ್ಯಾಕ್ಟರ್ 12ರಿಂದ ಶುರುವಾಗುವ ಹೆಪ್ಪುಗಟ್ಟುವ ಸರಪಳಿ) ಇಲ್ಲಿ ಒಮ್ಮೆಗೇ ಬೇಕಾದದ್ದಾಗುತ್ತದೆ. ಕೊಳಕುಮಂಡಲದ ವಿಷ ಫ್ಯಾಕ್ಟರ್ 10 ಮತ್ತು 5ನ್ನು ಎಬ್ಬಿಸುತ್ತದೆ. ಹೆಪ್ಪುಗಟ್ಟಿಸುವ ವಿಷದಿಂದ ರಕ್ತ ಹೆಪ್ಪುಗಟ್ಟದೆ ಹೋಗುವುದು ಹೇಗೆ ಎಂಬುದೇ ಈ ಮಟ್ಟದ ಅತ್ಯುತ್ತಮ ಪ್ರಶ್ನೆ. ಒಳಗೇ ಚೂರುಚೂರು ಹೆಪ್ಪುಗಟ್ಟಿ ಫೈಬ್ರಿನೋಜೆನ್ (ಹೆಪ್ಪಿನ ಎಳೆಗಳಾಗುವ ಪ್ರೋಟೀನು) ಖರ್ಚಾಗಿ ಹೋಗುತ್ತದೆ ಎಂಬ ಉತ್ತರಕ್ಕೆ ಅವರೇ ತಲುಪಲಿ. ಇನ್ನೊಂದು ಪ್ರಶ್ನೆ ಅಂಗರಚನೆಯದು: ರೋಗಿಯನ್ನು ನಡೆಸಬಾರದು ಯಾಕೆ? ವಿಷ ಬಹುಪಾಲು ದುಗ್ಧನಾಳಗಳಲ್ಲಿ ಸಾಗುತ್ತದೆ, ಸ್ನಾಯು ಹಿಂಡಿದಷ್ಟೂ ಅದು ಮೇಲೇರುತ್ತದೆ.

ಈ ಆವೃತ್ತಿಗೆ ನಿಲುಗಡೆ (ವಿದ್ಯಾರ್ಥಿ ನಿಂತು ಉತ್ತರಿಸಬೇಕಾದ ಜಾಗ) 3 ಅಥವಾ 4 ಸಾಕು. ಪ್ರತಿ ಅಂಕಿಯ ಪಕ್ಕ ಸಾಮಾನ್ಯ ಮಿತಿ ಕೊಡಿ. ಉತ್ತರ ಒತ್ತಿದ ಕೂಡಲೇ ಸರಿಯೋ ತಪ್ಪೋ ಹೇಳಿ, ಕಾರಣ ಎರಡು ವಾಕ್ಯದಲ್ಲಿರಲಿ. ಈ ಮಟ್ಟದಲ್ಲಿ ಫೀಡ್‌ಬ್ಯಾಕನ್ನು ಕೊನೆಗೆ ತಳ್ಳಿದರೆ ಮೊದಲ ತಪ್ಪಿನ ಮೇಲೆ ಉಳಿದದ್ದೆಲ್ಲ ಕಟ್ಟಿಕೊಳ್ಳುತ್ತದೆ, ಆಮೇಲೆ ಕೆಡವುವುದು ಕಷ್ಟ. ಇನ್ನೊಂದು ಮಾತು: ಫಸ್ಟ್ ಇಯರ್‌ನವರ ತಪ್ಪು ಉತ್ತರಕ್ಕೆ ರೋಗಿ ಸಾಯಬಾರದು. ಸಾವು ತೋರಿಸಿದರೆ ಗಂಭೀರವಾಗಿ ಕಲಿಯುತ್ತಾರೆ ಎಂಬ ವಾದ ಕೇಳಿಬರುತ್ತದೆ, ನಮಗದು ಒಪ್ಪಿಗೆಯಿಲ್ಲ. ಅವರು ಇನ್ನೂ ಓದದ ವಿಷಯಕ್ಕೆ ಅವರನ್ನು ಹೊಣೆ ಮಾಡಿದಂತೆ ಅದು.

ಸೆಕೆಂಡ್ ಇಯರ್

ಪೆಥಾಲಜಿ, ಫಾರ್ಮಕಾಲಜಿ, ಮೈಕ್ರೊಬಯಾಲಜಿ ಓದುತ್ತಿರುವವರಿಗೆ ಲ್ಯಾಬ್ ರಿಪೋರ್ಟು ಕೊಡಿ, ಸಾಮಾನ್ಯ ಮಿತಿ ತೆಗೆಯಿರಿ. ಪಿಟಿ, ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಗಳು) ಏರಿದೆ, ಫೈಬ್ರಿನೋಜೆನ್ ಬಿದ್ದಿದೆ, ಪ್ಲೇಟ್‌ಲೆಟ್ ಇಳಿಯುತ್ತಿದೆ. ಇದನ್ನು ಓದಿ ಟ್ಯೂಬಿನಲ್ಲಿ ಏನಾಗುತ್ತದೆಂದು ಮೊದಲೇ ಹೇಳಲಿ, ಆಮೇಲೆ ಟ್ಯೂಬು ತೋರಿಸಿ. ಮೂತ್ರ ಕಡಿಮೆಯಾದಾಗ ಕಿಡ್ನಿಯಲ್ಲಿ ಏನಾಗಿರಬಹುದು ಎಂಬ ಪ್ರಶ್ನೆ ಇಲ್ಲಿಗೆ ಸರಿ.

ಫಾರ್ಮಕಾಲಜಿಗೆ ಈ ಕೇಸಿನಲ್ಲಿ ಅದ್ಭುತ ಸರಕಿದೆ. ಕೊಳಕುಮಂಡಲದ ಜಾಗಕ್ಕೆ ನಾಗರಹಾವು, ಆಮೇಲೆ ಕಟ್ಟುಹಾವು ಇಟ್ಟು ನೋಡಿ. ನಾಗರದ ವಿಷ ನರ–ಸ್ನಾಯು ಸಂಧಿಯಲ್ಲಿ ಸ್ನಾಯುವಿನ ಬದಿಯ ರಿಸೆಪ್ಟರ್ ಹಿಡಿದುಕೊಳ್ಳುತ್ತದೆ, ಹಾಗಾಗಿ ನಿಯೋಸ್ಟಿಗ್ಮಿನ್ (ಸಂಧಿಯಲ್ಲಿ ನರದ ಸಂದೇಶ ಒಯ್ಯುವ ರಾಸಾಯನಿಕವನ್ನು ಹೆಚ್ಚಿಸುವ ಔಷಧ) ಕೆಲಸಕ್ಕೆ ಬರಬಹುದು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುತ್ತದೆ, ಅಲ್ಲಿ ನಿಯೋಸ್ಟಿಗ್ಮಿನ್‌ನಿಂದ ಹೆಚ್ಚೇನೂ ನಿರೀಕ್ಷಿಸುವಂತಿಲ್ಲ. ಒಂದೇ ಕೇಸಿನಲ್ಲಿ ಹಾವು ಬದಲಿಸಿದರೆ ಉತ್ತರ ಬದಲಾಗುತ್ತದೆ, ಅದೂ ಕಾರಣಸಹಿತ.

ಇಲ್ಲಿ ಬರೆಯುವವರು ಎಡವುವ ಜಾಗವೂ ಇದೆ. ಹಾವು ಬದಲಿಸಿ ವಸಡಿನ ರಕ್ತವನ್ನು ಹಾಗೇ ಬಿಟ್ಟುಬಿಡುತ್ತಾರೆ. ಕಟ್ಟುಹಾವು ಕಚ್ಚಿದವನಿಗೆ ಕಾಲು ಊದುವುದಿಲ್ಲ, ನೋವು ಇಲ್ಲವೆನ್ನುವಷ್ಟು ಕಡಿಮೆ. ಅವನು ಮೋಟರು ಹಾಕಲು ಹೋದವನೂ ಆಗಿರುವುದಿಲ್ಲ, ನೆಲದ ಮೇಲೆ ಮಲಗಿದ್ದವನು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆ ಎತ್ತಲಾಗದೆ ಬರುತ್ತಾನೆ. ಒಂದು ಅಂಶ ತಿರುಗಿಸಿದರೆ ಅದಕ್ಕೆ ಅಂಟಿದ್ದೆಲ್ಲ ತಿರುಗಬೇಕು.

ಇದೇ ತೊಂದರೆ ವಯಸ್ಸು ಬದಲಿಸಿದಾಗ ಇನ್ನೂ ಜೋರು. 48ರ ರೈತನ ಬದಲು 6 ವರ್ಷದ, 20 ಕೆ.ಜಿ.ಯ ಮಗು ಎಂದು ಬರೆದಿರಿ. ಪಲ್ಸ್ 112, ಬಿಪಿ 100/70 ಹಾಗೇ ಉಳಿಯಿತು. ಆ ವಯಸ್ಸಿಗೆ ಅವು ಹೆಚ್ಚುಕಡಿಮೆ ಮಾಮೂಲಿ ಅಂಕಿಗಳು. ಕೇಸಿನಲ್ಲಿದ್ದ ಅಪಾಯದ ಸುಳಿವೇ ಮಾಯ. ಔಷಧದ ಕಡೆಗೆ ಬಂದರೆ, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ಒಗ್ಗದೆ ರಿಯಾಕ್ಷನ್ ಆದಾಗ ಕೊಡುವ ಅಡ್ರಿನಲಿನ್ ಕೆ.ಜಿ.ಗೆ 0.01 ಮಿ.ಗ್ರಾಂ. ಲೆಕ್ಕದಲ್ಲಿ 0.2ಕ್ಕೆ ಇಳಿಯುತ್ತದೆ, ಎಎಸ್‌ವಿ ಬೆರೆಸುವ ಸಲೈನ್ ಕಡಿಮೆಯಾಗುತ್ತದೆ. ಆದರೆ ಎಎಸ್‌ವಿ ಇಳಿಯುವುದಿಲ್ಲ: ಹಾವು ಮಗುವೆಂದು ನೋಡಿ ಕಡಿಮೆ ವಿಷ ಬಿಡುವುದಿಲ್ಲವಲ್ಲ! ಮಗುವಿಗೂ ದೊಡ್ಡವರಷ್ಟೇ 10 ವಯಲ್. ತೂಕಕ್ಕೆ ತಕ್ಕಂತೆ ಎಎಸ್‌ವಿ ಕಡಿತಗೊಳಿಸಿದ ‘ಸರಿಯುತ್ತರ’ ಕೇಸಿನೊಳಗೆ ನುಸುಳಿತೆಂದರೆ ಅದು ಒಂದು ಬ್ಯಾಚಿಗೆ ಪೂರ್ತಿ ತಪ್ಪು ಕಲಿಸುತ್ತದೆ.

ಥರ್ಡ್ ಇಯರ್‌ಗೆ ಬೇರೆ ಆವೃತ್ತಿ ಬರೆಯುವ ಅಗತ್ಯವಿಲ್ಲ. ಕಮ್ಯುನಿಟಿ ಮೆಡಿಸಿನ್‌ಗೆ 8:10ರಿಂದ 9:20ರವರೆಗಿನ 70 ನಿಮಿಷವನ್ನೇ ಕೇಸು ಮಾಡಿ: ಟಾರ್ಚು ಯಾಕಿರಲಿಲ್ಲ, 108ಕ್ಕೆ ಯಾವಾಗ ಫೋನಾಯಿತು, ಟವೆಲ್ ಕಟ್ಟಿದ್ದು ಯಾರ ಮಾತು ಕೇಳಿ, ವರದಿ ಎಲ್ಲಿಗೆ ಹೋಗಬೇಕು.

ಫೈನಲ್ ಇಯರ್

ಇಲ್ಲಿಂದ ಮಾಹಿತಿ ಪುಕ್ಕಟೆ ಸಿಗಬಾರದು. ಪರೀಕ್ಷೆ ಬೇಕಿದ್ದರೆ ಆರ್ಡರ್ ಮಾಡಬೇಕು, ಪ್ರತಿ ಆರ್ಡರಿಗೂ ಕೇಸಿನ ಗಡಿಯಾರ ಮುಂದೆ ಓಡಬೇಕು. ಹೆಪ್ಪುಗಟ್ಟುವ ಪರೀಕ್ಷೆಗೆ 20 ನಿಮಿಷ. ಪಿಟಿಗೆ ಇನ್ನೂ ಹೆಚ್ಚು. ಸುಮ್ಮನೆ ಎಲ್ಲವನ್ನೂ ಒತ್ತುವವನ ಗಡಿಯಾರ ಹೇಳುತ್ತದೆ ಅವನು ಎಷ್ಟು ಹೊತ್ತು ಕಳೆದನೆಂದು.

ಇತಿಹಾಸವನ್ನೂ ಬೇಯಿಸಿ ಬಡಿಸಬೇಡಿ. ಫಸ್ಟ್ ಇಯರ್‌ಗೆ ‘ಹಾವು ಕಡಿತ’ ಎಂದು ಬರೆದಿದ್ದರೆ, ಇಲ್ಲಿ ಮಗನ ಬಾಯಲ್ಲಿ ಬರಲಿ: “ಮೇಡಮ್ನೋರೇ, ನಮ್ಮಪ್ಪಂಗೆ ಏನೋ ಹುಳ ಮುಟ್ಟೈತೆ. ಮೋಟ್ರು ಹಾಕಾಕ್ ಹೋಗಿದ್ರು.” ಎಷ್ಟು ಹೊತ್ತಿಗೆ, ಎಲ್ಲಿ, ಕಟ್ಟು ಕಟ್ಟಿದಿರಾ, ನಾಟಿ ಔಷಧಿ ಹಾಕಿಸಿದಿರಾ, ಮೂತ್ರ ಆಯಿತಾ, ಬಣ್ಣ ಹೇಗಿತ್ತು ಎಂದು ಕೇಳಿದರೆ ಉತ್ತರ, ಇಲ್ಲದಿದ್ದರೆ ಇಲ್ಲ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಕಡೆ ಅರ್ಧ ವಾಕ್ಯ ತೆಲುಗಿನಲ್ಲೇ ಇರುತ್ತದೆ, ಒಂದೆರಡು ಹಾಗೇ ಬಿಡಿ.

ತೀರ್ಮಾನದ ಜಾಗಗಳು 6ರ ಆಸುಪಾಸು ಇರಲಿ. ಮೊದಲನೆಯದು ಟವೆಲ್. ಬಂದ ಕೂಡಲೇ ಬಿಚ್ಚುತ್ತೇನೆ ಎಂಬುದು ಆಕರ್ಷಕವಾದ ತಪ್ಪು ಉತ್ತರ, ಹಾಗಾಗಿ ಅದು ಆಯ್ಕೆಯಲ್ಲಿರಲೇಬೇಕು. ಕಟ್ಟಿನ ಕೆಳಗೆ ನಿಂತಿದ್ದ ವಿಷ ಒಮ್ಮೆಗೇ ನುಗ್ಗಬಹುದು. ಐವಿ ಲೈನ್ ಹಾಕಿ, ಎಎಸ್‌ವಿ ಸಿದ್ಧವಿಟ್ಟುಕೊಂಡು, ಕಟ್ಟಿನ ಕೆಳಗಿನ ನಾಡಿ ನೋಡಿ, ನಿಧಾನವಾಗಿ ಸಡಿಲಿಸುವುದು ಸರಿ. ಎರಡನೆಯದು ಎಎಸ್‌ವಿ ಕೊಡುವ ತೀರ್ಮಾನ: ಕಚ್ಚಿದ ಗುರುತಿದೆ ಎಂದಲ್ಲ, ವಿಷ ಏರಿದ ಲಕ್ಷಣವಿದೆ ಎಂದು. 10 ವಯಲ್, ಪುಡಿಯಾಗಿದ್ದರೆ ವಯಲ್‌ಗೆ 10 ಮಿ.ಲೀ. ಡಿಸ್ಟಿಲ್ಡ್ ವಾಟರ್, ಕುಲುಕದೆ ಮೆಲ್ಲಗೆ ತಿರುಗಿಸಿ ಕರಗಿಸಬೇಕು, ಕುಲುಕಿದರೆ ನೊರೆ. ಡ್ರಿಪ್‌ನಲ್ಲಿ ಒಂದು ಗಂಟೆಯೊಳಗೆ ಮುಗಿಯಬೇಕು. ಚರ್ಮದ ಟೆಸ್ಟ್ ಡೋಸ್ ಬೇಡ, ಅದರಿಂದ ಯಾರಿಗೆ ರಿಯಾಕ್ಷನ್ ಆಗುತ್ತದೆಂದು ತಿಳಿಯುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ಮೂರನೆಯದು ರಿಯಾಕ್ಷನ್: ಡ್ರಿಪ್ ಶುರುವಾದ 10ನೇ ನಿಮಿಷಕ್ಕೆ ಮೈಯೆಲ್ಲ ದದ್ದು, ಉಬ್ಬಸ. ಎಎಸ್‌ವಿ ತಾತ್ಕಾಲಿಕವಾಗಿ ನಿಲ್ಲಿಸಿ ಅಡ್ರಿನಲಿನ್ 0.5 ಮಿ.ಗ್ರಾಂ. ತೊಡೆಯ ಸ್ನಾಯುವಿಗೆ, ಸುಧಾರಿಸಿದ ಮೇಲೆ ಎಎಸ್‌ವಿ ಮತ್ತೆ ಶುರು. ಇಲ್ಲಿ ಬಹಳ ವಿದ್ಯಾರ್ಥಿಗಳು ‘ಎಎಸ್‌ವಿ ಪೂರ್ತಿ ನಿಲ್ಲಿಸಿ’ ಎನ್ನುತ್ತಾರೆ. ಅದನ್ನು ಆರಿಸಿದವರಿಗೆ ತಕ್ಷಣ ಏನೂ ಹೇಳಬೇಡಿ, ಆರು ಗಂಟೆಯ ನಂತರದ ಟ್ಯೂಬು ತೋರಿಸಿ. ಹರಿಯುತ್ತಿರುವ ರಕ್ತವೇ ಫೀಡ್‌ಬ್ಯಾಕು.

ಆರು ಗಂಟೆಯೇ ಯಾಕೆ ಎಂಬುದನ್ನೂ ಕೇಳಬಹುದು: ವಿಷ ತಟಸ್ಥವಾದರೂ ಲಿವರ್ ಹೊಸ ಫ್ಯಾಕ್ಟರ್‌ಗಳನ್ನು ತಯಾರಿಸಲು ಸುಮಾರು ಅಷ್ಟು ಹೊತ್ತು ಬೇಕು. ನಡುವೆ ಟಿಟಿ (ಧನುರ್ವಾಯು ಲಸಿಕೆ) ಚುಚ್ಚಲು ಹೊರಟವರಿಗೆ ಒಂದು ಬಲೆ ಇಡಿ. ರಕ್ತ ಹೆಪ್ಪುಗಟ್ಟದವನಿಗೆ ಸ್ನಾಯುವಿನ ಇಂಜೆಕ್ಷನ್ ಕೊಟ್ಟರೆ ಅಲ್ಲೇ ರಕ್ತ ತುಂಬಿಕೊಳ್ಳುತ್ತದೆ, ಟಿಟಿ ಕಾಯಬಲ್ಲದು. ಅಡ್ರಿನಲಿನ್ ಕಾಯುವಂಥದ್ದಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಹೇಳಬಲ್ಲವರು ಈ ಹಂತ ದಾಟಿದರೆಂದೇ ಅರ್ಥ.

ಹೌಸ್ ಸರ್ಜನ್

ಅದೇ ಕೇಸು, ಆದರೆ ಈಗ ಲ್ಯಾಬ್ ಮುಚ್ಚಿದೆ. ಫ್ರಿಜ್‌ನಲ್ಲಿ ಇರುವುದು 10 ವಯಲ್ ಮಾತ್ರ. ಡ್ಯೂಟಿ ಡಾಕ್ಟರು ಲೇಬರ್ ರೂಮಿನಲ್ಲಿ. ಟ್ರೇಯಲ್ಲಿರುವ ಟ್ಯೂಬು ಸೋಪಿನ ನೀರಲ್ಲಿ ತೊಳೆದಿಟ್ಟದ್ದು. ಡಿಟರ್ಜೆಂಟ್ ಅಂಟಿರುವ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಏನು ಮಾಡುತ್ತೀರಿ? ಅಂಥದ್ದೇ ಇನ್ನೊಂದು ಟ್ಯೂಬಿಗೆ ಮಗನ ರಕ್ತ ಹಾಕಿ ಜೊತೆಗೇ ಇಡುವುದು ಒಂದು ದಾರಿ. ವಸಡಿನಲ್ಲಿ ಕಣ್ಣಿಗೇ ಕಾಣುವ ರಕ್ತವಿರುವಾಗ ಟ್ಯೂಬಿಗಾಗಿ ಎಎಸ್‌ವಿ ತಡೆಯುವುದೇಕೆ ಎಂದು ಕೇಳುವವನು ಇನ್ನೂ ಒಂದು ಹೆಜ್ಜೆ ಮುಂದೆ.

ಟ್ಯೂಬು ನಿಂತಿರುವ ಆ 20 ನಿಮಿಷವನ್ನು ಖಾಲಿ ಬಿಡಬೇಡಿ. ಆ ಹೊತ್ತಿನಲ್ಲಿ ಏನೇನು ಮಾಡುತ್ತೀರಿ ಎಂದು ಬರೆಸಿ, ಆಯ್ಕೆ ಕೊಡಬೇಡಿ. ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆಯುವುದು, ಅಡ್ರಿನಲಿನ್ ಸಿರಿಂಜಿಗೆ ಎಳೆದಿಡುವುದು, ಮೂತ್ರದ ಅಳತೆ ಶುರು ಮಾಡುವುದು, ಜಿಲ್ಲಾ ಆಸ್ಪತ್ರೆಗೆ ಫೋನು. ಇವು ಅಂಕ ತರುವ ಉತ್ತರಗಳು.

ಈ ಮಟ್ಟದ ದೊಡ್ಡ ತಪ್ಪು ಎಎಸ್‌ವಿ ಶುರು ಮಾಡದೆ ರೆಫರ್ ಮಾಡುವುದು. ಆ ಕವಲಿಗೆ ದಂಡವಾಗಿ ಗಡಿಯಾರಕ್ಕೆ ದಾರಿಯ ಹೊತ್ತು, ಅಲ್ಲಿ ಮತ್ತೆ ಚೀಟಿ ಮಾಡಿಸುವ ಹೊತ್ತು ಎರಡನ್ನೂ ಸೇರಿಸಿ. ಇದ್ದ 10 ವಯಲ್ ಶುರು ಮಾಡಿಸಿ ಕಳಿಸಿದವರಿಗೆ ಕೊನೆಯ ಕೆಲಸ ರೆಫರಲ್ ಚೀಟಿ. ಕಚ್ಚಿದ ಸಮಯ, ಟ್ಯೂಬು ನೋಡಿದ ಸಮಯ ಮತ್ತು ಫಲಿತಾಂಶ, ಎಷ್ಟು ವಯಲ್ ಯಾವಾಗ, ಬ್ಯಾಚ್ ನಂಬರು, ರಿಯಾಕ್ಷನ್ ಆಯಿತೇ, ಮೂತ್ರ ಎಷ್ಟು. ‘ಸ್ನೇಕ್ ಬೈಟ್, ಎಎಸ್‌ವಿ ಗಿವನ್’ ಎಂದಷ್ಟೇ ಬರೆದವರಿಗೆ ಸೊನ್ನೆ.

ಹೌಸ್ ಸರ್ಜನ್‌ಗಳಿಗೆ ನಡುನಡುವೆ ಸುಳಿವು, ಫೀಡ್‌ಬ್ಯಾಕು ಬೇಡ, ಅದು ಅವರ ಓಟಕ್ಕೆ ಅಡ್ಡ. ಕೊನೆಯಲ್ಲಿ ಸಮಯದ ಪಟ್ಟಿ ತೋರಿಸಿದರೆ ಸಾಕು.

ಕಟ್ಟುವ ಕೆಲಸ

ಕವಲುಗಳ ವಿಷಯದಲ್ಲಿ ಎಲ್ಲರೂ ಮೊದಲ ಸಲ ದಾರಿ ತಪ್ಪುತ್ತಾರೆ. ಐದು ನಿಲುಗಡೆ, ಪ್ರತಿಯೊಂದರಲ್ಲೂ 3 ಆಯ್ಕೆ, ಯಾವ ದಾರಿಯೂ ಮತ್ತೆ ಕೂಡುವುದಿಲ್ಲ ಎಂದಾದರೆ 243 ಕೊನೆಗಳು, ಒಟ್ಟು 364 ಪುಟ. ಯಾರೂ ಬರೆದು ಮುಗಿಸಲಾರರು. ಕವಲು ಒಂದು ಪುಟ ಹೋಗಿ ಮತ್ತೆ ಮುಖ್ಯ ದಾರಿಗೆ ಸೇರಲಿ. ತಪ್ಪಿನ ಬೆಲೆ ಗಡಿಯಾರದಲ್ಲಿ ಮತ್ತು ಪಲ್ಸ್, ಬಿಪಿ, ಮೂತ್ರದ ಅಂಕಿಗಳಲ್ಲಿ ಉಳಿಯಲಿ. ಆಗ 20–25 ಪುಟದಲ್ಲಿ ಮುಗಿಯುತ್ತದೆ.

ಬರೆಯುವುದು ಸ್ಪ್ರೆಡ್‌ಶೀಟಿನಲ್ಲಿ. ಒಂದು ಸಾಲಿಗೆ ಒಂದು ಪುಟ. ಕಾಲಮ್‌ಗಳು: ಪುಟ ಸಂಖ್ಯೆ, ಕೇಸಿನ ಸಮಯ, ಪಠ್ಯ, ಪಲ್ಸ್–ಬಿಪಿ–ಉಸಿರು, ಆಯ್ಕೆಗಳು, ಪ್ರತಿ ಆಯ್ಕೆಗೆ ಮುಂದಿನ ಪುಟ, ಫೀಡ್‌ಬ್ಯಾಕು, ಯಾವ ಮಟ್ಟಕ್ಕೆ. ಕೊನೆಯ ಕಾಲಮ್ ಇದ್ದರೆ ಒಂದೇ ಹಾಳೆಯನ್ನು ಫಿಲ್ಟರ್ ಮಾಡಿ ನಾಲ್ಕು ಆವೃತ್ತಿ ತೆಗೆಯಬಹುದು, ಡೋಸ್ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ. ಒಂದು ಪುಟದ ಪಠ್ಯ ಫೋನಿನ ಪರದೆಯಲ್ಲಿ ಹಿಡಿಸಬೇಕು, ಕನ್ನಡದಲ್ಲಾದರೆ 60–70 ಪದ.

ಗೂಗಲ್ ಫಾರ್ಮ್ಸ್‌ನಲ್ಲಿ ಉತ್ತರ ನೋಡಿ ಬೇರೆ ಸೆಕ್ಷನ್‌ಗೆ ಕಳಿಸುವ ಸೌಲಭ್ಯವಿದೆ, ಆದರೆ ಒಂದೇ ಉತ್ತರ ಆರಿಸುವ ಪ್ರಶ್ನೆಗೂ ಡ್ರಾಪ್‌ಡೌನ್‌ಗೂ ಮಾತ್ರ, ಚೆಕ್‌ಬಾಕ್ಸಿಗಿಲ್ಲ. ವಿದ್ಯಾರ್ಥಿ ಬ್ಯಾಕ್ ಒತ್ತಿ ಉತ್ತರ ಬದಲಿಸಬಹುದು, ಹಾಗಾಗಿ ತಪ್ಪಿನ ಬೆಲೆ ಎಂಬುದೇ ಇರುವುದಿಲ್ಲ. ಫಸ್ಟ್ ಇಯರ್‌ಗೆ ಪರವಾಗಿಲ್ಲ, ಹೌಸ್ ಸರ್ಜನ್‌ಗೆ ಆಗದು. ಕಾಲೇಜಿನಲ್ಲಿ ಮೂಡಲ್ (ಆನ್‌ಲೈನ್ ಪಾಠದ ತಂತ್ರಾಂಶ) ಇದ್ದರೆ ಅದರ ಲೆಸನ್ ಅಥವಾ ಎಚ್‌5ಪಿಯ ಬ್ರಾಂಚಿಂಗ್ ಸಿನಾರಿಯೊ ಬಳಸಿ. ಗಡಿಯಾರ ಓಡಿಸಬೇಕೆಂದರೆ ಕವಲು ಕಥೆ ಕಟ್ಟುವ ತಂತ್ರಾಂಶ ಟ್ವೈನ್ ಒಳ್ಳೆಯದು: ಸಮಯವನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟು ಪ್ರತಿ ಆಯ್ಕೆಗೆ ಕೂಡಿಸಬಹುದು. ಸಿದ್ಧವಾದದ್ದು ಒಂದೇ ಎಚ್‌ಟಿಎಂಎಲ್ ಫೈಲು, ನೆಟ್‌ವರ್ಕ್ ಇಲ್ಲದ ಹಾಸ್ಟೆಲಿನಲ್ಲೂ ಓಡುತ್ತದೆ. ಆದರೆ ಚಿತ್ರಗಳು ಬೇರೆ ಫೈಲಾಗಿದ್ದರೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಅವು ಹಿಂದೆ ಉಳಿದುಬಿಡುತ್ತವೆ. ಯಾರು ಏನು ಒತ್ತಿದರೆಂಬ ದಾಖಲೆಯೂ ತಾನಾಗಿ ನಿಮಗೆ ಬರುವುದಿಲ್ಲ, ಕೊನೆಯ ಪುಟದ ಸ್ಕ್ರೀನ್‌ಶಾಟ್ ತರಿಸಿಕೊಳ್ಳಬೇಕು.

ಚಿತ್ರದ ಬಗ್ಗೆ ಒಂದು ಎಚ್ಚರಿಕೆ. ಮೊದಲ ಪುಟದಲ್ಲೇ ಕೊಳಕುಮಂಡಲದ ಫೋಟೊ ಹಾಕಿದರೆ ಉಳಿದ ಕೇಸು ಓದುವ ಅಗತ್ಯವೇ ಇಲ್ಲ. ನಿಜದಲ್ಲಿ ಹೆಚ್ಚಿನವರು ಹಾವನ್ನು ನೋಡಿಯೇ ಇರುವುದಿಲ್ಲ, ನೋಡಿದವರು ಹೇಳುವ ಹೆಸರೂ ನಂಬುವಂತಿರುವುದಿಲ್ಲ. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಹಾಗಾಗಿ ಹಾವಿನ ಹೆಸರಿಗಿಂತ ಲಕ್ಷಣದ ಮೇಲೆ ಕೇಸು ನಿಲ್ಲಲಿ.

ಉತ್ತರ ಸೋರುವುದಂತೂ ಖಂಡಿತ. ಊರು, ವಯಸ್ಸು ಬದಲಿಸಿದರೆ ಅದು ಬಣ್ಣ ಬಳಿದಂತೆ, ಉತ್ತರ ಅದೇ. ಬ್ಯಾಚಿಗೊಮ್ಮೆ ಉತ್ತರವನ್ನೇ ತಿರುಗಿಸುವ ಅಂಶ ಬದಲಿಸಿ: ಮೊದಲ ಟ್ಯೂಬು ಹೆಪ್ಪುಗಟ್ಟಿತು, ಇನ್ನೂ ಎಎಸ್‌ವಿ ಬೇಡ, ಮತ್ತೆ ಮತ್ತೆ ಪರೀಕ್ಷಿಸುತ್ತ ಕಾಯಬೇಕು. ಸುಮ್ಮನೆ ಕಾಯುವುದು ಸರಿಯುತ್ತರವಾಗಿರುವ ಕೇಸುಗಳು ಬಹಳ ಕಡಿಮೆ, ಬರೆದಷ್ಟೂ ಒಳ್ಳೆಯದು.

ಎಲ್ಲ ಕೇಸಿಗೂ ಗಡಿಯಾರ ಒಗ್ಗುವುದಿಲ್ಲ. ಪಾವಗಡದ ಕಡೆಯ ಫ್ಲೋರೋಸಿಸ್ ತೆಗೆದುಕೊಳ್ಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ., ಬೇರೆ ಮೂಲವಿಲ್ಲದಿದ್ದರೆ 1.5 ಎಂಬುದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ. ಇಲ್ಲಿ ಪುಟದಿಂದ ಪುಟಕ್ಕೆ ಜಿಗಿಯುವುದು ವರ್ಷಗಳು. ಫಸ್ಟ್ ಇಯರ್‌ಗೆ ಮಗುವಿನ ಹಲ್ಲಿನ ಎನಾಮಲ್. ಫೈನಲ್ ಇಯರ್‌ಗೆ ಬೆನ್ನು ಬಾಗಿಸಲಾಗದ 50ರ ಹೆಂಗಸು, ಮುಂಗೈ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು. ಹೌಸ್ ಸರ್ಜನ್‌ಗೆ ಅದೇ ಹೆಂಗಸು, ಎಕ್ಸ್‌ರೇ ಇಲ್ಲ, ಕೈಯಲ್ಲಿ ನೋವಿನ ಮಾತ್ರೆಯ ಹಳೇ ಚೀಟಿಗಳ ಕಟ್ಟು. ಯಾವ ಬೋರ್‌ವೆಲ್ ನೀರು ಕುಡಿಯುತ್ತೀರಿ ಎಂದು ಕೇಳಿದವರಿಗೆ ಮಾತ್ರ ಮುಂದಿನ ಪುಟ.

ಹೊರಬಿಡುವ ಮುಂಚೆ ಆ ಮಟ್ಟದ ಇಬ್ಬರು, ಒಂದು ಮಟ್ಟ ಕೆಳಗಿನ ಒಬ್ಬರು, ಹೀಗೆ ಮೂವರಿಗೆ ಕೊಟ್ಟು, ಯೋಚಿಸುವುದನ್ನು ಬಾಯಿಬಿಟ್ಟು ಹೇಳುತ್ತ ಹೋಗಲು ತಿಳಿಸಿ. ಕೆಳಗಿನವರು ಎಲ್ಲ ಸರಿ ಮಾಡಿದರೆ ಆಯ್ಕೆಗಳಲ್ಲೇ ಸುಳಿವಿದೆ. ಸಾಮಾನ್ಯವಾಗಿ ಸರಿಯುತ್ತರ ಉಳಿದವಕ್ಕಿಂತ ಉದ್ದವಾಗಿರುತ್ತದೆ. ಆ ಮಟ್ಟದವರಿಬ್ಬರೂ ಒಂದೇ ಪುಟದಲ್ಲಿ ನಿಂತರೆ ತಪ್ಪು ಪುಟದ್ದು. ಡೋಸ್‌ಗಳನ್ನು ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವ ಒಬ್ಬರಿಂದ ಪರಿಶೀಲಿಸಿ, ಪರಿಶೀಲಿಸಿದ ದಿನಾಂಕವನ್ನು ಮೊದಲ ಪುಟದ ಕೆಳಗೆ ಹಾಕಿ. ವರ್ಷ ದಾಟಿದ ದಿನಾಂಕ ಕಂಡರೆ ಆ ಕೇಸನ್ನು ತರಗತಿಗೆ ತರಬೇಡಿ, ಮತ್ತೆ ಪರಿಶೀಲಿಸಿದ ಮೇಲೆ ತನ್ನಿ.